ತೋಟದ ಜೀಪಿಗೆ ಯಾವ ಸೀಟ್ ಕವರ್?

ಪ್ರಶ್ನೆ: ಮಡಿಕೇರಿ ಬಳಿ ಕಾಫಿ ತೋಟವಿದೆ. ಮಳೆಗಾಲದಲ್ಲಿ ಕೆಸರು ಬಟ್ಟೆಯಲ್ಲೇ ಜೀಪು ಹತ್ತುತ್ತೇವೆ. ನಿಯೋಪ್ರಿನ್ ಸೀಟ್ ಕವರ್ ಹಾಕಿಸಬಹುದೇ?

ಉತ್ತರ: ಖಂಡಿತ ಹಾಕಿಸಿ. ಇದು ಡೈವರ್‌ಗಳ ಉಡುಪಿಗೆ ಬಳಸುವ ಕೃತಕ ರಬ್ಬರ್. ಒಳಗಿನ ಗಾಳಿಗುಳ್ಳೆಗಳು ಮುಚ್ಚಿಕೊಂಡಿರುವುದರಿಂದ ರಬ್ಬರ್ ನೀರು ಹೀರುವುದಿಲ್ಲ. ಆದರೆ ಹೊಲಿಗೆಯ ತೂತುಗಳಲ್ಲಿ ನೀರು ಇಳಿಯುತ್ತದೆ. ಹೊಲಿಗೆಗೆ ಒಳಗಿನಿಂದ ಪಟ್ಟಿ ಅಂಟಿಸಿದ್ದನ್ನೇ ಆರಿಸಿ. ಅಗ್ಗದ ಕವರ್‌ಗಳಲ್ಲಿ ಹೆಚ್ಚಾಗಿ ಎಸ್‌ಬಿಆರ್ ಎಂಬ ಬೇರೆ ರಬ್ಬರ್ ಇರುತ್ತದೆ, ಅದು ಬಿಸಿಲಿಗೆ ಬೇಗ ಹಾಳಾಗುತ್ತದೆ. ಕೊಳ್ಳುವಾಗ ‘ಸಿಆರ್’ (ಅಸಲಿ ನಿಯೋಪ್ರಿನ್) ದರ್ಜೆಯದೇ ಎಂದು ಕೇಳಿ. ನಿಮ್ಮ ಗಾಡಿಯ ಮಾದರಿಗೇ ಹೊಲಿದದ್ದಾದರೆ ಸೀಟಿನ ಮೇಲೆ ಜಾರುವುದಿಲ್ಲ. ಸೀಟಿನ ಬದಿಯಲ್ಲಿ ಏರ್‌ಬ್ಯಾಗ್ ಇದ್ದರೆ, ಅದು ತೆರೆದುಕೊಳ್ಳಲು ಅಡ್ಡಿಯಾಗದ ಕವರ್ ಮಾತ್ರ ಹಾಕಿಸಿ. ಇದರಲ್ಲಿ ರಾಜಿ ಬೇಡ. ಒದ್ದೆಯಾದ ಕವರ್ ಬಿಚ್ಚಿ ನೆರಳಲ್ಲಿ ಒಣಗಿಸಿ, ಇಲ್ಲದಿದ್ದರೆ ಸೀಟಿನ ಸ್ಪಂಜಿಗೆ ಬೂಷ್ಟು ಹಿಡಿಯುತ್ತದೆ.