ಬೀಫ್ ಸ್ಟ್ಯೂ, ಆಲೂಗಡ್ಡೆ ಮ್ಯಾಶ್: ಮನೆಯಲ್ಲೇ ಚೆನ್ನಾಗಿ ಮಾಡುವ ಸೂತ್ರಗಳು

ಡಿಸೆಂಬರ್ ತಿಂಗಳಲ್ಲಿ ಡಬ್ಲಿನ್‌ನಲ್ಲೋ ಲೀಡ್ಸ್‌ನಲ್ಲೋ ಸಂಜೆ ನಾಲ್ಕಕ್ಕೆಲ್ಲ ಕತ್ತಲು ಕವಿಯುತ್ತದೆ. ಅಂಥ ಊರುಗಳ ಅಡುಗೆ ಇದು. ದಪ್ಪ ಗ್ರೇವಿಯಲ್ಲಿ ಗಂಟೆಗಟ್ಟಲೆ ಬೆಂದ ಬೀಫ್, ಪಕ್ಕದಲ್ಲಿ ಬೆಣ್ಣೆ ಹಾಕಿ ಹಿಸುಕಿದ ಬಿಸಿ ಆಲೂಗಡ್ಡೆ. ಓದಲೆಂದೋ ಕೆಲಸಕ್ಕೆಂದೋ ಅಲ್ಲಿಗೆ ಹೋದ, ಬೀಫ್ ತಿನ್ನುವ ನಮ್ಮ ಹುಡುಗ ಹುಡುಗಿಯರು ಮೊದಲ ಚಳಿಗಾಲದಲ್ಲೇ ಇದಕ್ಕೆ ಕೈ ಹಾಕುತ್ತಾರೆ. ಮಾಂಸ ರಬ್ಬರಾಯಿತು, ಆಲೂಗಡ್ಡೆ ಅಂಟಂಟಾಯಿತು ಎಂದು ಬೇಸತ್ತು ಬಿಟ್ಟುಬಿಡುತ್ತಾರೆ. ಬಿಡಬೇಕಾಗಿಲ್ಲ. ಮಾಂಸಕ್ಕೆ ಹೊತ್ತು ಕೊಡಬೇಕು, ಆಲೂಗಡ್ಡೆಯನ್ನು ಹಗುರ ಕೈಯಲ್ಲಿ ನೋಡಿಕೊಳ್ಳಬೇಕು. ಇವೆರಡು ಗೊತ್ತಿದ್ದವರಿಗೆ ಇದು ಕಷ್ಟದ ಅಡುಗೆಯೇ ಅಲ್ಲ.

ನಾಲ್ಕು ಜನರ ಲೆಕ್ಕ: ಮಾಂಸ 1 ಕೆ.ಜಿ., ಆಲೂಗಡ್ಡೆ 1 ಕೆ.ಜಿ., ಈರುಳ್ಳಿ 2, ಕ್ಯಾರೆಟ್ 3, ಬೆಳ್ಳುಳ್ಳಿ ನಾಲ್ಕು ಎಸಳು, ಮೈದಾ 2 ದೊಡ್ಡ ಚಮಚ, ಟೊಮ್ಯಾಟೊ ಪೇಸ್ಟ್ 1 ದೊಡ್ಡ ಚಮಚ, ಮಾಂಸದ ಸ್ಟಾಕ್ 600 ಮಿ.ಲೀ., ಬೆಣ್ಣೆ 100 ಗ್ರಾಂ, ಹಾಲು 150 ಮಿ.ಲೀ., ಪಲಾವ್ ಎಲೆ, ಥೈಮ್, ಕಾಳುಮೆಣಸು, ಉಪ್ಪು, ಎಣ್ಣೆ.

1. ದುಬಾರಿ ತುಂಡು ಕೊಳ್ಳಬೇಡಿ

ಮೊದಲ ಸಲ ಮಾಡುವವರು ಚೆನ್ನಾಗಿರಲಿ ಎಂದು ಫಿಲೆಟ್, ಸರ್ಲಾಯ್ನ್ ತರುತ್ತಾರೆ. ಹಣವೂ ಹಾಳು, ಊಟವೂ ಹಾಳು. ಆ ತುಂಡುಗಳು ಬಾಣಲೆಯ ಮೇಲೆ ಕೆಲವೇ ನಿಮಿಷ ಬೇಯಲು ಹೇಳಿಮಾಡಿಸಿದಂಥವು. ಮೂರು ಗಂಟೆ ಕುದಿಸಿದರೆ ಒಣಗಿದ ನಾರಾಗುತ್ತವೆ. ಸ್ಟ್ಯೂಗೆ ಬೇಕಾದದ್ದು ದನ ಹೆಚ್ಚು ದುಡಿಸಿಕೊಂಡ ಅಂಗಗಳು: ಭುಜದ ಚಕ್, ಮುಂಗಾಲಿನ ಶಿನ್, ಎದೆಯ ಬ್ರಿಸ್ಕೆಟ್. ಇವುಗಳಲ್ಲಿ ಬಿಳಿಯ ನರ, ಪೊರೆ ಜಾಸ್ತಿ. ಅದರಲ್ಲಿರುವ ಕೊಲಾಜನ್ ನಿಧಾನ ಉರಿಯಲ್ಲಿ ಕರಗಿ ಜೆಲಟಿನ್ ಆಗುತ್ತದೆ. ಕಾಲುಸೂಪು ಆರಿದ ಮೇಲೆ ಗಟ್ಟಿಯಾಗುವುದು ಇದೇ ಜೆಲಟಿನ್‌ನಿಂದ. ಗ್ರೇವಿ ತುಟಿಗೆ ಹಿತವಾಗಿ ಅಂಟುವುದೂ ಇದರಿಂದಲೇ. ಅಂಗಡಿಯವನು ನರ ತೆಗೆದುಕೊಡಲೇ ಎಂದು ಕೇಳಿದರೆ ಬೇಡ ಎನ್ನಿ. ತುಂಡು ದೊಡ್ಡದಿರಲಿ, ಎರಡು ಇಂಚಿಗೆ ಕಡಿಮೆ ಬೇಡ. ಬೇಯುತ್ತ ಹೇಗೂ ಕುಗ್ಗುತ್ತದೆ.

ಕರ್ನಾಟಕದಲ್ಲಿ ಮಾಡುವವರಿಗೆ ಒಂದು ಮಾತು. 2020ರ ಜಾನುವಾರು ಹತ್ಯೆ ಪ್ರತಿಬಂಧಕ ಕಾಯ್ದೆಯ ಪ್ರಕಾರ ಇಲ್ಲಿ ಕಡಿಯಲು ಅವಕಾಶವಿರುವುದು 13 ವರ್ಷ ದಾಟಿದ ಎಮ್ಮೆ ಕೋಣಗಳಿಗೆ ಮಾತ್ರ. ವಯಸ್ಸಾದ ಪ್ರಾಣಿಯ ಕೊಲಾಜನ್ ಬೇಗ ಕರಗುವುದಿಲ್ಲ, ಮಾಂಸದಲ್ಲಿ ಕೊಬ್ಬೂ ಕಡಿಮೆ. ಆದ್ದರಿಂದ ಕೆಳಗೆ ಹೇಳಿದ ಹೊತ್ತಿಗೆ ಇನ್ನೊಂದು ಗಂಟೆ ಸೇರಿಸಿಕೊಳ್ಳಿ, ಎಣ್ಣೆಯೋ ಬೆಣ್ಣೆಯೋ ಒಂದು ಚಮಚ ಹೆಚ್ಚೇ ಇರಲಿ.

2. ಒದ್ದೆ ಮಾಂಸ ಕೆಂಪಾಗುವುದಿಲ್ಲ

ಈ ಅಡುಗೆಯ ರುಚಿಯ ಅರ್ಧ ಭಾಗ ಹುಟ್ಟುವುದು ಮೊದಲ ಇಪ್ಪತ್ತು ನಿಮಿಷದಲ್ಲಿ. ಮಾಂಸದ ಪ್ರೋಟೀನು ಮತ್ತು ಸಕ್ಕರೆ ಅಂಶ ಜೋರು ಶಾಖದಲ್ಲಿ ಸೇರಿ ಕಂದು ಬಣ್ಣ, ಹುರಿದ ಘಮ ಕೊಡುತ್ತವೆ. ಫ್ರೆಂಚ್ ರಸಾಯನಶಾಸ್ತ್ರಜ್ಞ ಲೂಯಿ ಕಮಿಲ್ ಮೈಯಾರ್ 1912ರಲ್ಲಿ ಈ ಕ್ರಿಯೆಯನ್ನು ವಿವರಿಸಿದ. ಅವನ ಹೆಸರಲ್ಲೇ ಅದು ಉಳಿದಿದೆ. ಇದು ಚುರುಕಾಗುವುದು ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. ನೀರು 100 ಡಿಗ್ರಿಗೇ ಕುದಿಯುತ್ತದೆ. ಅಂದರೆ ಮಾಂಸದ ಮೇಲೆ ನೀರಿರುವ ತನಕ ಅದು ಬೇಯುತ್ತದೆಯೇ ಹೊರತು ಕೆಂಪಾಗುವುದಿಲ್ಲ.

ಹಾಗಾಗಿ ಪ್ರತಿ ತುಂಡನ್ನೂ ಬಟ್ಟೆಯಲ್ಲೋ ಪೇಪರ್ ಟವೆಲ್‌ನಲ್ಲೋ ಒತ್ತಿ ಒರೆಸಿ. ಉಪ್ಪು, ಕಾಳುಮೆಣಸಿನ ಪುಡಿ ಹಾಕಿ; ಖಾರದ ಮೆಣಸಿನಪುಡಿಯಲ್ಲ. ದಪ್ಪ ತಳದ ಪಾತ್ರೆಯಲ್ಲಿ ಎಣ್ಣೆ ಚೆನ್ನಾಗಿ ಕಾದ ಮೇಲೆ ನಾಲ್ಕೈದೇ ತುಂಡು ಬಿಡಿ. ಒಂದೇ ಸಲಕ್ಕೆ ಇಡೀ ಕಿಲೋ ಸುರಿದರೆ ಪಾತ್ರೆ ತಣ್ಣಗಾಗಿ, ನೀರು ಬಿಟ್ಟುಕೊಂಡು, ಎಲ್ಲವೂ ಬೂದು ಬಣ್ಣಕ್ಕೆ ತಿರುಗುತ್ತದೆ. ಬಿಟ್ಟ ಮೇಲೆ ಮುಟ್ಟಬೇಡಿ. ಮೊದಲು ತುಂಡು ತಳಕ್ಕೆ ಕಚ್ಚಿಕೊಂಡಿರುತ್ತದೆ. ಇಕ್ಕಳದಲ್ಲಿ ಎಳೆದರೆ ಬರುವುದಿಲ್ಲ. ಮೂರು ನಾಲ್ಕು ನಿಮಿಷ ಕಳೆದು ಅಡಿಯಲ್ಲಿ ಕಂದು ಪದರ ಕಟ್ಟಿತೆಂದರೆ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಆಗ ತಿರುವಿ.

ಹೀಗೆ ಹುರಿದರೆ ರಸ ಒಳಗೇ ಬಂಧಿಯಾಗುತ್ತದೆ ಎನ್ನುವ ಮಾತು ಇನ್ನೂ ಚಾಲ್ತಿಯಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಯುಸ್ಟುಸ್ ಫಾನ್ ಲೀಬಿಗ್ ಹರಡಿದ ನಂಬಿಕೆ ಅದು, ನಿಜವಲ್ಲ. ಹುರಿಯುವುದು ರುಚಿಗೆ, ಬಣ್ಣಕ್ಕೆ.

3. ತಳ ಹಿಡಿದದ್ದೇ ಬಂಗಾರ

ಮಾಂಸ ತೆಗೆದಿಟ್ಟು ಅದೇ ಪಾತ್ರೆಯಲ್ಲಿ ಈರುಳ್ಳಿಯನ್ನು ಹತ್ತು ನಿಮಿಷ ಬಾಡಿಸಿ. ಬೆಳ್ಳುಳ್ಳಿ, ಟೊಮ್ಯಾಟೊ ಪೇಸ್ಟ್ ಹಾಕಿ. ಪೇಸ್ಟ್ ಕೆಂಪಿನಿಂದ ಇಟ್ಟಿಗೆ ಬಣ್ಣಕ್ಕೆ ಬರಲಿ. ಮೈದಾ ಉದುರಿಸಿ ಹಸಿವಾಸನೆ ಹೋಗುವ ತನಕ ಕೈಯಾಡಿಸಿ. ಆಮೇಲೆ ಸ್ವಲ್ಪ ಸ್ವಲ್ಪವೇ ಸ್ಟಾಕ್ ಸುರಿಯುತ್ತ, ಮರದ ಸೌಟಿನಿಂದ ತಳಕ್ಕೆ ಕಚ್ಚಿದ ಕಂದು ಪದರವನ್ನೆಲ್ಲ ಕೆರೆದು ಕರಗಿಸಿ. ಆ ಪಾತ್ರೆಯನ್ನು ತೊಳೆದು ಬೇರೆ ಪಾತ್ರೆ ಹಿಡಿಯುವವರು ರುಚಿಯನ್ನೇ ಸಿಂಕಿಗೆ ಸುರಿದ ಹಾಗೆ. ತಳ ಕಪ್ಪಗೆ ಸೀದಿದ್ದರೆ ಮಾತ್ರ ಬದಲಿಸಿ, ಇಲ್ಲವಾದರೆ ಕಹಿ ಇಡೀ ಗ್ರೇವಿಗೆ ಇಳಿಯುತ್ತದೆ.

ಐರ್ಲೆಂಡಿನವರು ಇಲ್ಲಿ ಸ್ಟಾಕಿನ ಅರ್ಧಭಾಗಕ್ಕೆ ಬದಲಾಗಿ ಕಪ್ಪು ಸ್ಟೌಟ್ ಬಿಯರ್ ಹಾಕುತ್ತಾರೆ. ಡಬ್ಲಿನ್ನಿನಲ್ಲಿ 1759ರಲ್ಲಿ ಶುರುವಾದ ಗಿನ್ನೆಸ್ ಕಂಪನಿಯ ಸ್ಟೌಟ್ ಇದಕ್ಕೆ ಹೆಸರಾದದ್ದು. ಮದ್ಯ ಬೇಡದವರು ಸ್ಟಾಕ್ ಜೊತೆ ಒಂದು ಚಮಚ ವಿನೆಗರ್, ಅರ್ಧ ಚಮಚ ಬೆಲ್ಲ ಹಾಕಿ. ಆ ಹುಳಿ ಸಿಹಿಯ ಹದ ಗ್ರೇವಿಗೆ ಬೇಕೇ ಬೇಕು.

4. ಕೊತಕೊತ ಕುದಿಸಬೇಡಿ

ಮಾಂಸ, ಪಲಾವ್ ಎಲೆ, ಥೈಮ್ ಹಾಕಿ ಮುಚ್ಚಿ. ಒಂದು ಕುದಿ ಬಂದ ಕೂಡಲೇ ಉರಿ ತಗ್ಗಿಸಿ. ಮುಚ್ಚಳ ತೆಗೆದು ನೋಡಿದರೆ ಅಲ್ಲೊಂದು ಇಲ್ಲೊಂದು ಗುಳ್ಳೆ ಏಳುತ್ತಿರಬೇಕು, ಅಷ್ಟೇ. ಓವನ್ ಇದ್ದರೆ 150 ರಿಂದ 160 ಡಿಗ್ರಿಯಲ್ಲಿ ಪಾತ್ರೆಯನ್ನೇ ಒಳಗಿಡಿ. ಸುತ್ತಲೂ ಒಂದೇ ಸಮ ಶಾಖ ಸಿಗುವುದರಿಂದ ತಳ ಹಿಡಿಯುವ ಚಿಂತೆ ಇಲ್ಲ. ಎರಡೂವರೆಯಿಂದ ಮೂರು ಗಂಟೆ ಬೇಕು.

ಒಂದೂವರೆ ಗಂಟೆಗೆ ತುಂಡೊಂದನ್ನು ಬಾಯಿಗೆ ಹಾಕಿದವರಿಗೆ ಗಾಬರಿಯಾಗುತ್ತದೆ. ಮಾಂಸ ಮೊದಲಿಗಿಂತ ಗಟ್ಟಿ! ಅದು ಸಹಜ. ನಾರು ಬಿಗಿದುಕೊಳ್ಳುವುದು ಬೇಗ, ಕೊಲಾಜನ್ ಕರಗುವುದು ನಿಧಾನ. ಆ ಹೊತ್ತಿನಲ್ಲಿ ಉರಿ ಜೋರು ಮಾಡಿದರೆ ಕೆಟ್ಟಿತು. ಕಾಯಿರಿ. ಫೋರ್ಕ್ ಚುಚ್ಚಿ ತಿರುಗಿಸಿದಾಗ ತುಂಡು ತಾನಾಗಿ ಬಿಚ್ಚಿಕೊಂಡರೆ ಆಯಿತು. ಗಡಿಯಾರಕ್ಕಿಂತ ಫೋರ್ಕನ್ನು ನಂಬಿ.

5. ಕುಕ್ಕರ್ ಇದೆಯೇ? ಸರಿ, ಆದರೆ ಮೈದಾ ಆಮೇಲೆ

ಸೂಟ್‌ಕೇಸಿನಲ್ಲಿ ಊರಿನಿಂದ ಕುಕ್ಕರ್ ಹೊತ್ತೊಯ್ದವರು ಅದನ್ನು ಧಾರಾಳವಾಗಿ ಬಳಸಬಹುದು. ಒತ್ತಡದಲ್ಲಿ ಒಳಗಿನ ಶಾಖ 120 ಡಿಗ್ರಿಯ ಹತ್ತಿರ ಹೋಗುವುದರಿಂದ ಮೂರು ಗಂಟೆಯ ಕೆಲಸ ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಮೊದಲ ಸೀಟಿ ಬಂದ ಮೇಲೆ ಸಣ್ಣ ಉರಿಯಲ್ಲಿ 40 ರಿಂದ 45 ನಿಮಿಷ. ಆವಿ ತಾನಾಗಿಯೇ ಇಳಿಯಲಿ. ಮೈದಾ ಮೊದಲೇ ಹಾಕಿದರೆ ತಳ ಹಿಡಿಯುತ್ತದೆ. ಮುಚ್ಚಳ ತೆಗೆದ ಮೇಲೆ ಬೆಣ್ಣೆಯಲ್ಲಿ ಕಲಸಿದ ಮೈದಾ ಹಾಕಿ, ತೆರೆದಿಟ್ಟು ಕುದಿಸಿ ಗ್ರೇವಿ ಗಟ್ಟಿ ಮಾಡಿಕೊಳ್ಳಿ. ಕುಕ್ಕರಿನಲ್ಲಿ ನೀರು ಇಂಗುವುದಿಲ್ಲ, ಆದ್ದರಿಂದ ಸ್ಟಾಕ್ 400 ಮಿ.ಲೀ. ಸಾಕು.

6. ಕ್ಯಾರೆಟ್‌ಗೆ ಅವಸರವಿಲ್ಲ

ಕೊನೆಯ ಮುಕ್ಕಾಲು ಗಂಟೆಗೆ ಹಾಕಿ. ಮೊದಲೇ ಹಾಕಿದರೆ ಗುರುತು ಸಿಗದ ಹಾಗೆ ಕರಗಿಹೋಗುತ್ತದೆ.

7. ಆಲೂಗಡ್ಡೆ ಹಳೆಯದಿರಲಿ

ಮ್ಯಾಶ್‌ಗೆ ಪಿಷ್ಟ ಹೆಚ್ಚಿರುವ, ಬೆಂದರೆ ಪುಡಿಪುಡಿಯಾಗುವ ಗಡ್ಡೆ ಬೇಕು. ಬ್ರಿಟನ್ನಿನಲ್ಲಿ ಮಾರಿಸ್ ಪೈಪರ್ ಅಥವಾ ಕಿಂಗ್ ಎಡ್ವರ್ಡ್, ಐರ್ಲೆಂಡಿನಲ್ಲಿ ರೂಸ್ಟರ್, ಅಮೆರಿಕದಲ್ಲಿ ರಸೆಟ್ ಕೇಳಿ ತನ್ನಿ. ಯುಕಾನ್ ಗೋಲ್ಡ್ ಸ್ವಲ್ಪ ಬೇರೆ: ಪುಡಿಯಾಗುವುದು ಕಡಿಮೆ, ಬೆಣ್ಣೆಯಂಥ ರುಚಿ ಜಾಸ್ತಿ. ನಮ್ಮ ಹಾಸನದ ಕಡೆ ಬಹುಕಾಲದಿಂದ ಬೆಳೆಯುವ ಕುಫ್ರಿ ಜ್ಯೋತಿಯೂ ಆಗುತ್ತದೆ, ಬಲಿತ ಗಡ್ಡೆಯಾಗಿದ್ದರೆ. ಉಗುರು ತಾಗಿದರೆ ಸಿಪ್ಪೆ ಏಳುವ ಎಳೆ ಗಡ್ಡೆಯಲ್ಲಿ ನೀರೇ ಹೆಚ್ಚು, ಅದು ಪಲ್ಯಕ್ಕಿರಲಿ. ಫ್ರಿಜ್ಜಿನಲ್ಲಿ ಇಡಬೇಡಿ, ತಂಪಿಗೆ ಪಿಷ್ಟ ಸಕ್ಕರೆಯಾಗಿ ಗಡ್ಡೆ ಸಿಹಿಯಾಗುತ್ತದೆ. ಹಸಿರು ತಿರುಗಿದ್ದರೆ ಎಸೆಯಿರಿ.

8. ತಣ್ಣೀರಿನಿಂದ ಶುರುಮಾಡಿ

ಸಿಪ್ಪೆ ಹೆರೆದು ಒಂದೇ ಗಾತ್ರದ ದೊಡ್ಡ ಹೋಳು ಮಾಡಿ, ಉಪ್ಪು ಹಾಕಿದ ತಣ್ಣೀರಿನಲ್ಲಿ ಒಲೆಗಿಡಿ. ಕುದಿಯುವ ನೀರಿಗೆ ಹಾಕಿದರೆ ಹೊರಗೆ ಕರಗುತ್ತದೆ, ನಡುವೆ ಕಾಯಿ ಉಳಿಯುತ್ತದೆ. ಚಾಕು ಸಲೀಸಾಗಿ ಇಳಿದರೆ ಬಸಿದುಬಿಡಿ. ಬಸಿದು ಸುಮ್ಮನಾಗಬೇಡಿ: ಖಾಲಿ ಪಾತ್ರೆಗೇ ಹೋಳುಗಳನ್ನು ಮತ್ತೆ ಹಾಕಿ, ತೀರ ಸಣ್ಣ ಉರಿಯಲ್ಲಿ ಎರಡು ನಿಮಿಷ ಕುಲುಕಿ. ಹಬೆ ಏಳುವುದು ನಿಂತು ಹೋಳಿನ ಅಂಚು ಸೀಮೆಸುಣ್ಣದಂತೆ ಬೆಳ್ಳಗೆ ಪುಡಿಯಾಗುತ್ತದೆ. ಆ ನೀರು ಹೊರಗೆ ಹೋದಷ್ಟೂ ಬೆಣ್ಣೆಗೆ ಜಾಗ.

9. ಮಿಕ್ಸಿಯನ್ನು ಮುಟ್ಟಬೇಡಿ

ಇದೊಂದು ಸೂತ್ರವನ್ನು ಮೀರಿದರೆ ಉಳಿದದ್ದೆಲ್ಲ ವ್ಯರ್ಥ. ಮಿಕ್ಸಿಯ ಬ್ಲೇಡು ಆಲೂಗಡ್ಡೆಯ ಕೋಶಗಳನ್ನು ಹರಿದು ಪಿಷ್ಟವನ್ನೆಲ್ಲ ಹೊರಹಾಕುತ್ತದೆ. ಕ್ಷಣದಲ್ಲಿ ಗೋಡೆಗೆ ಪೋಸ್ಟರ್ ಅಂಟಿಸಬಹುದಾದ ಸರಿ ಸಿದ್ಧ. ಅದನ್ನು ಮತ್ತೆ ಮ್ಯಾಶ್ ಮಾಡುವ ಉಪಾಯವಿಲ್ಲ. ಪಾವ್‌ಭಾಜಿಗೆ ಬಳಸುವ ಮ್ಯಾಶರ್ ಸಾಕು, ಮೇಲಿನಿಂದ ಕೆಳಗೆ ಒತ್ತಿ, ಗರಗರ ತಿರುವಬೇಡಿ. ಅದಕ್ಕಿಂತ ಒಳ್ಳೆಯ ಉಪಕರಣ ನಮ್ಮ ಅಡುಗೆಮನೆಯಲ್ಲೇ ಇದೆ: ಚಕ್ಕುಲಿ ಒರಳು. ಒತ್ತುಶ್ಯಾವಿಗೆಯ ಬಿಲ್ಲೆ ಹಾಕಿ ಬಿಸಿ ಹೋಳು ತುಂಬಿ ಒತ್ತಿದರೆ, ಯುರೋಪಿನ ಅಡುಗೆಮನೆಗಳ ಪೊಟಾಟೊ ರೈಸರ್ ಮಾಡುವ ಕೆಲಸವನ್ನೇ ಅದು ಮಾಡುತ್ತದೆ. ಗಂಟಿಲ್ಲದ, ಹಗುರ ಎಳೆಗಳು ಬೀಳುತ್ತವೆ. ಗಡ್ಡೆ ಬಿಸಿಯಿದ್ದಾಗಲೇ ಒತ್ತಬೇಕು.

10. ಬೆಣ್ಣೆ ಮೊದಲು, ಹಾಲು ಆಮೇಲೆ

ಮೊದಲು ಬೆಣ್ಣೆ ಸೇರಿ ಪಿಷ್ಟಕ್ಕೆ ಹೊದಿಕೆಯಾಗಲಿ. ಆಮೇಲೆ ಬಿಸಿ ಹಾಲನ್ನು ಸ್ವಲ್ಪಸ್ವಲ್ಪ ಸುರಿದು ಮರದ ಸೌಟಿನಲ್ಲಿ ಮಡಚಿದಂತೆ ಕಲಸಿ. ಫ್ರಿಜ್ಜಿನ ತಣ್ಣನೆ ಹಾಲು ಹಾಕಿದರೆ ಮ್ಯಾಶ್ ಆರಿ ಬಿಗಿದುಕೊಳ್ಳುತ್ತದೆ. ಪ್ಯಾರಿಸ್ಸಿನ ಬಾಣಸಿಗ ಜೋಯೆಲ್ ರೊಬುಷೋ ಜಗತ್ತಿಗೆಲ್ಲ ಹೆಸರಾದದ್ದರಲ್ಲಿ ಅವನ ಆಲೂಗಡ್ಡೆ ಮ್ಯಾಶ್‌ನದು ದೊಡ್ಡ ಪಾಲು. ಅವನು ಒಂದು ಕಿಲೋ ಗಡ್ಡೆಗೆ ಕಾಲು ಕಿಲೋ ಬೆಣ್ಣೆ ಹಾಕಿದ. ಮನೆಯೂಟಕ್ಕೆ 100 ಗ್ರಾಂ ಸಾಕು, ಆದರೆ ಅದಕ್ಕಿಂತ ಇಳಿಸಬೇಡಿ. ಬೆಣ್ಣೆಗೆ ಹೆದರಿ ಮಾಡಿದ ಮ್ಯಾಶ್ ಕಾಯಿಲೆಯವರ ಊಟದಂತಿರುತ್ತದೆ ಎಂದೇ ನನ್ನ ಅನಿಸಿಕೆ. ಹೆಚ್ಚಿದ ಈರುಳ್ಳಿ ಸೊಪ್ಪನ್ನು ಹಾಲಿನಲ್ಲಿ ಬೇಯಿಸಿ ಬೆರೆಸಿದರೆ ಐರ್ಲೆಂಡಿನ ಚಾಂಪ್. ಬೆಂದ ಎಲೆಕೋಸೋ ಕೇಲ್ ಸೊಪ್ಪೋ ಸೇರಿಸಿದರೆ ಕೋಲ್ಕ್ಯಾನನ್.

11. ಮಸಾಲೆ ಡಬ್ಬಿ ಮುಚ್ಚಿಡಿ

ಗರಂಮಸಾಲೆ ಹಾಕಲು ಕೈ ತುರಿಸುತ್ತದೆ, ನಿಜ. ಮಂಗಳೂರಿನ ಕ್ಯಾಥೋಲಿಕ್ ಮನೆಗಳ ಬೀಫ್ ಸುಕ್ಕ ಅದ್ಭುತವೇ, ಆದರೆ ಅದಕ್ಕೆ ಸಾನ್ನ ಎಂಬ ಇಡ್ಲಿಯಂಥ ತಿಂಡಿ ಅಥವಾ ಅನ್ನ ಜೊತೆ. ಬೆಣ್ಣೆಯ ಮ್ಯಾಶ್ ಪಕ್ಕದಲ್ಲಿ ಮಾಂಸದ ಸ್ವಂತ ರುಚಿಯೇ ಮುಂದೆ ಬರಬೇಕು. ಖಾರ ಬೇಕೆಂದರೆ ಹೊಸದಾಗಿ ಕುಟ್ಟಿದ ಕೊಡಗಿನ ಕಾಳುಮೆಣಸು ಕೊನೆಯಲ್ಲಿ ಉದುರಿಸಿ, ತಟ್ಟೆಯ ಅಂಚಿಗೆ ಸಾಸಿವೆ ಪೇಸ್ಟ್ ಇಟ್ಟುಕೊಳ್ಳಿ.

12. ನೆಂಟರು ಬರುವುದಿದ್ದರೆ ಹಿಂದಿನ ದಿನವೇ ಮಾಡಿ

ಸ್ಟ್ಯೂ ಮರುದಿನಕ್ಕೆ ಇನ್ನೂ ರುಚಿ. ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಕೊಬ್ಬು ಮೇಲೆ ಬಿಳಿ ಹಾಳೆಯಾಗಿ ಹೆಪ್ಪುಗಟ್ಟುತ್ತದೆ, ಚಮಚದಲ್ಲಿ ಎತ್ತಿ ತೆಗೆಯಬಹುದು. ಬೇಯಿಸಿದ ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ. ದೊಡ್ಡ ಪಾತ್ರೆ ಬೇಗ ಆರುವುದಿಲ್ಲ, ಅಗಲ ಡಬ್ಬಿಗಳಿಗೆ ಹಂಚಿ. ಮ್ಯಾಶ್ ಮಾತ್ರ ಆಗಿಂದಾಗಲೇ ಆಗಬೇಕು.

13. ಉಳಿದದ್ದಕ್ಕೆ ಎರಡನೆಯ ಜನ್ಮ

ಉಳಿದ ಮಾಂಸವನ್ನು ಬಿಡಿಬಿಡಿ ಮಾಡಿ ಗ್ರೇವಿಯೊಂದಿಗೆ ಓವನ್ ತಟ್ಟೆಯಲ್ಲಿ ಹರಡಿ, ಮೇಲೆ ಮ್ಯಾಶ್ ಮುಚ್ಚಿ. ಬ್ರಿಟನ್ನಿನಲ್ಲಿ ಇದು ಕಾಟೇಜ್ ಪೈ. ಕುರಿಮಾಂಸದ್ದಾದರೆ ಶೆಫರ್ಡ್ಸ್ ಪೈ. ಫ್ರಾನ್ಸಿನವರು ಅಷಿ ಪಾರ್ಮಾಂತಿಯೆ ಎನ್ನುತ್ತಾರೆ. ಆ ಹೆಸರಿನ ಹಿಂದಿರುವ ಆಂತ್ವಾನ್ ಪಾರ್ಮಾಂತಿಯೆ ಸೈನ್ಯದ ಔಷಧಗಾರ. ಏಳು ವರ್ಷಗಳ ಯುದ್ಧದಲ್ಲಿ ಪ್ರಷ್ಯನ್ನರ ಸೆರೆಸಿಕ್ಕು, ಜೈಲಿನಲ್ಲಿ ಆಲೂಗಡ್ಡೆ ತಿಂದು ಬದುಕಿದ. ಆಗ ಫ್ರಾನ್ಸಿನಲ್ಲಿ ಅದನ್ನು ದನ ಹಂದಿಗಳ ಮೇವೆಂದೇ ಜನ ದೂರವಿಟ್ಟಿದ್ದರು. ಬಿಡುಗಡೆಯಾಗಿ ಬಂದವನು ಬರಗಾಲಕ್ಕೆ ಇದೇ ಮದ್ದೆಂದು ವಾದಿಸುತ್ತಲೇ ಹೋದ; 1772ರಲ್ಲಿ ಪ್ಯಾರಿಸ್ಸಿನ ವೈದ್ಯಕೀಯ ವಿದ್ಯಾಲಯ ಆಲೂಗಡ್ಡೆ ತಿನ್ನಲು ಯೋಗ್ಯ ಎಂದು ಸಾರಿತು.

ಮ್ಯಾಶ್ ಮೇಲೆ ಫೋರ್ಕಿನಿಂದ ಗೆರೆ ಎಳೆಯಿರಿ. ಆ ಏಣುಗಳೇ ಮೊದಲು ಗರಿಗರಿಯಾಗುವುದು. ತುರಿದ ಚೀಸ್ ಒಂದು ಹಿಡಿ ಉದುರಿಸಿ 200 ಡಿಗ್ರಿಯಲ್ಲಿ ಅರ್ಧ ಗಂಟೆ ಬೇಯಿಸಿ. ಒಳಗಿನ ಗ್ರೇವಿ ಅಂಚಿನಲ್ಲಿ ಗುಳುಗುಳು ಎದ್ದು, ನಡುವೆ ಚಾಕು ಚುಚ್ಚಿ ತೆಗೆದಾಗ ಅಲಗು ಸುಡುವಷ್ಟು ಬಿಸಿಯಿರಬೇಕು. ಮಾಂಸ ಒಮ್ಮೆ ಬಿಸಿ ಮಾಡಿದ್ದಾದ ಮೇಲೆ ಮತ್ತೆ ಫ್ರಿಜ್ಜಿಗಿಡದೆ ಅಂದೇ ಮುಗಿಸಿ.