ಹಳೇ ಬೆಂಗಳೂರು ಕ್ಯಾಮೆರಾಗೆ ದಕ್ಕಬೇಕೇ? ಒಂಬತ್ತು ಸೂತ್ರಗಳು

ಮೆಟ್ರೊ ಬರುವ ಮುಂಚೆ ಎಂ.ಜಿ. ರಸ್ತೆಯ ಬದಿಗೆ ಮರದ ನೆರಳಿನ ಬುಲೆವಾರ್ಡ್ ಇತ್ತು. ಈಗಿನ ಕಾಲೇಜು ಹುಡುಗರಿಗೆ ಅದನ್ನು ತೋರಿಸಬೇಕೆಂದರೆ ಹಳೆಯ ಫೋಟೊಗಳನ್ನೇ ಹುಡುಕಬೇಕು. ಈ ಊರು ಬದಲಾಗುವ ವೇಗಕ್ಕೆ ಇಲ್ಲಿ ತೆಗೆದ ಕಟ್ಟಡದ ಫೋಟೊ ಹತ್ತೇ ವರ್ಷದಲ್ಲಿ ದಾಖಲೆಯಾಗಿಬಿಡುತ್ತದೆ. ಹಾಗಾಗಿ ಅದು ಚೆಂದವೂ ಇರಬೇಕು, ನಿಜವೂ ಇರಬೇಕು. ದುಬಾರಿ ಕ್ಯಾಮೆರಾ ಬೇಕಿಲ್ಲ. ಜೇಬಿನಲ್ಲಿರುವ ಮೊಬೈಲಿನಿಂದಲೇ ಶುರು ಮಾಡಬಹುದು.

1. ಕಟ್ಟಡದ ದಿಕ್ಕು ನೋಡಿ ಹೊತ್ತು ಗೊತ್ತುಮಾಡಿ. ವಿಧಾನಸೌಧ ಪೂರ್ವಕ್ಕೆ ಮುಖ ಮಾಡಿದೆ. ಅದರ ಮೆಟ್ಟಿಲು, ಕಂಬಗಳ ಮೇಲೆ ಬಿಸಿಲು ಬೀಳುವುದು ಬೆಳಿಗ್ಗೆ; ಸಂಜೆ ಹೋದರೆ ಸೂರ್ಯ ಕಟ್ಟಡದ ಬೆನ್ನಿಗಿರುತ್ತಾನೆ. ಎದುರಿಗಿರುವ ಅಠಾರಾ ಕಚೇರಿಯ, ಅಂದರೆ 1868ರ ಕೆಂಪು ಹೈಕೋರ್ಟ್ ಕಟ್ಟಡದ, ರಸ್ತೆ ಬದಿಯ ಮುಖಕ್ಕೆ ಸಂಜೆ ಬಿಸಿಲೇ ಸರಿ. ಉತ್ತರಕ್ಕೆ ತೆರೆದ ಕಟ್ಟಡಗಳಿಗೆ ಹೊತ್ತಿನ ಜೊತೆ ತಿಂಗಳನ್ನೂ ನೋಡಬೇಕು. ಬೆಂಗಳೂರು 13 ಡಿಗ್ರಿ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ನಡುಹಗಲ ಸೂರ್ಯ ನಮ್ಮ ನೆತ್ತಿಗಿಂತ ತುಸು ಉತ್ತರಕ್ಕಿರುತ್ತಾನೆ, ಉಳಿದ ದಿನಗಳಲ್ಲಿ ದಕ್ಷಿಣಕ್ಕೆ. ಕೆ.ಆರ್. ಮಾರುಕಟ್ಟೆ ಬಳಿಯ ಕೋಟೆಯ ದೆಹಲಿ ಬಾಗಿಲು ಉತ್ತರದ ಬಾಗಿಲು. ಡಿಸೆಂಬರ್‌ನಲ್ಲಿ ಅದರ ಹೊರಮುಖ ದಿನವಿಡೀ ನೆರಳಿನಲ್ಲಿರುತ್ತದೆ. ಮೇ ತಿಂಗಳ ಬೆಳಿಗ್ಗೆ ಅಲ್ಲಿ ಹೋಗಿ ನಿಲ್ಲಿ, ಕಲ್ಲಿನ ಒಂದೊಂದು ಏಣೂ ಎದ್ದು ಕಾಣುತ್ತದೆ.

2. ಕ್ಯಾಮೆರಾ ಮೇಲಕ್ಕೆತ್ತಬೇಡಿ, ನೀವು ಹಿಂದೆ ಸರಿಯಿರಿ. ಮೊಬೈಲನ್ನು ಮೇಲಕ್ಕೆ ವಾಲಿಸಿದ ಕೂಡಲೇ ಕಂಬಗಳೆಲ್ಲ ಒಳಕ್ಕೆ ಬಾಗಿ, ಕಟ್ಟಡ ಹಿಂದಕ್ಕೆ ಬೀಳುವಂತೆ ಕಾಣುತ್ತದೆ. ಗ್ರಿಡ್ ಗೆರೆ ಹಾಕಿಕೊಂಡು ಮೊಬೈಲನ್ನು ಗೋಡೆಗೆ ಸಮಾನಾಂತರವಾಗಿ ಹಿಡಿಯಿರಿ. ವಿಧಾನಸೌಧ 700 ಅಡಿ ಉದ್ದ. 0.5 ಲೆನ್ಸಿನಲ್ಲಿ ಅಷ್ಟನ್ನೂ ತುರುಕಿದರೆ ಅಂಚಿನ ಕಂಬಗಳು ಹಿಗ್ಗಿ ವಿಕಾರವಾಗುತ್ತವೆ. ರಸ್ತೆಯ ಆಚೆ ಬದಿಗೆ ಹೋಗಿ, ಅಲ್ಲಿಂದಲೂ ಹಿಡಿಸದಿದ್ದರೆ ನಡುವಿನ ಕಂಬಸಾಲನ್ನಷ್ಟೇ ತೆಗೆಯಿರಿ.

3. ಬೇಗ ಕತ್ತಲಾಗುತ್ತದೆ, ಮುಂಚೆಯೇ ಹೋಗಿ. ಭಾನುವಾರ ಮತ್ತು ಸರ್ಕಾರಿ ರಜಾದಿನಗಳ ಸಂಜೆ ವಿಧಾನಸೌಧಕ್ಕೆ ದೀಪಾಲಂಕಾರ ಇರುತ್ತದೆ. ಆಕಾಶದಲ್ಲಿ ನೀಲಿ ಉಳಿದಿದ್ದು, ದೀಪವೂ ಹತ್ತಿರುವ ಕೆಲವೇ ನಿಮಿಷಗಳು ಸಿಗುತ್ತವೆ.

4. ಶಾಸನಕ್ಕೆ ಓರೆ ಬೆಳಕು. ನನಗೆ ಬಹಳ ಮುಖ್ಯ ಅನಿಸುವ ಸೂತ್ರ ಇದು. ಬೇಗೂರಿನ ನಾಗೇಶ್ವರ ದೇವಾಲಯದ ಆವರಣದಲ್ಲಿ ಸುಮಾರು ಕ್ರಿ.ಶ. 900ರ ವೀರಗಲ್ಲೊಂದಿದೆ. ಅದರ ಮೇಲಿನ ಹಳಗನ್ನಡ ಬರಹದಲ್ಲಿ ‘ಬೆಂಗಳೂರು ಕಾಳಗ’ದ ಮಾತು ಬರುತ್ತದೆ. ಕೆಂಪೇಗೌಡರು 1537ರಲ್ಲಿ ಕೋಟೆ ಕಟ್ಟುವುದಕ್ಕೆ ಆರು ಶತಮಾನ ಮೊದಲೇ ಈ ಹೆಸರು ಬಳಕೆಯಲ್ಲಿತ್ತು ಎಂಬುದಕ್ಕೆ ಸಾಕ್ಷಿ ಈ ಕಲ್ಲು. ಎದುರಿನಿಂದ ಫ್ಲಾಶ್ ಹೊಡೆದರೆ ಅಲ್ಲಿ ಅಕ್ಷರವೇ ಕಾಣದು, ಬರೀ ಬೂದು ಬಂಡೆ. ಸ್ನೇಹಿತರೊಬ್ಬರ ಕೈಗೆ ಟಾರ್ಚ್ ಕೊಟ್ಟು, ಕಲ್ಲಿನ ಮೈಗೆ ತಾಗುವಂತೆ ಪಕ್ಕದಿಂದ ಬೆಳಕು ಬಿಡಲು ಹೇಳಿ. ಕೊರೆದ ಗೆರೆಗಳಲ್ಲಿ ನೆರಳು ತುಂಬಿ ಸಾಲುಗಳು ಮೇಲೆದ್ದು ಬರುತ್ತವೆ. ಎಡದಿಂದ ಒಂದು, ಬಲದಿಂದ ಒಂದು, ಮೇಲಿನಿಂದ ಒಂದು ತೆಗೆಯಿರಿ. ಒಂದರಲ್ಲಿ ಅಳಿಸಿದಂತಿದ್ದ ಅಕ್ಷರ ಇನ್ನೊಂದರಲ್ಲಿ ಓದಲು ಸಿಗುತ್ತದೆ. ಸೀಮೆಸುಣ್ಣ, ಎಣ್ಣೆ, ಪುಡಿ ಏನನ್ನೂ ಬಳಿಯಬೇಡಿ. ಸಾವಿರ ವರ್ಷ ಉಳಿದ ಕಲ್ಲಿಗೆ ನಮ್ಮ ಕೈಯಿಂದ ಗಾಯವಾಗಬಾರದು.

5. ಒಳಾಂಗಣದಲ್ಲಿ ಫ್ಲಾಶ್ ಮರೆತುಬಿಡಿ. ಹೈದರಾಲಿ ಆರಂಭಿಸಿ, ಟಿಪ್ಪು 1791ರಲ್ಲಿ ಮುಗಿಸಿದ ಬೇಸಿಗೆ ಅರಮನೆಯ ಸೊಗಸೆಲ್ಲ ತೇಗದ ಕಂಬಗಳು, ಕಮಾನುಗಳು ಮತ್ತು ಮಾಸಿದ ಬಣ್ಣದ ಚಿತ್ತಾರದಲ್ಲಿದೆ. ಕಣ್ಣು ಮಬ್ಬಿಗೆ ಹೊಂದಿಕೊಳ್ಳುವವರೆಗೆ ಸುಮ್ಮನೆ ನಿಂತು ನೋಡಿ. ಆಮೇಲೆ ಮೊಣಕೈಗಳನ್ನು ಮೈಗೊತ್ತಿ, ಉಸಿರು ಬಿಗಿಹಿಡಿದು ಕ್ಲಿಕ್ ಮಾಡಿ. ಲಾಲ್‌ಬಾಗಿನ ಗಾಜಿನ ಮನೆಗೆ ಮೋಡದ ದಿನವೇ ಒಳ್ಳೆಯದು. 1889ರಲ್ಲಿ ಅಡಿಗಲ್ಲು ಬಿದ್ದ ಈ ಮನೆಯ ಕಬ್ಬಿಣದ ಹಂದರ ಆಗಲೇ ಸ್ಪಷ್ಟವಾಗಿ ಕಾಣುವುದು.

6. ಜನರನ್ನು ಚೌಕಟ್ಟಿನಿಂದ ಓಡಿಸಬೇಡಿ. ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸು. ಅದರ ಮೇಲೆ ಕೆಂಪೇಗೌಡ ಗೋಪುರ ಪುಟ್ಟದಾಗಿ ಕೂತಿದೆ. ಪಕ್ಕದಲ್ಲೊಬ್ಬರು ನಡೆದುಹೋಗುತ್ತಿದ್ದರೆ ಮಾತ್ರ ಎರಡರ ಅಳತೆಯೂ ನೋಡುವವರಿಗೆ ಸಿಗುತ್ತದೆ. ಬಸವನಗುಡಿಯ ದೊಡ್ಡ ಬಸವಣ್ಣನ ಗುಡಿಗಂತೂ ಕಾರ್ತಿಕದ ಕಡೇ ಸೋಮವಾರದ ಕಡಲೆಕಾಯಿ ಪರಿಷೆಗೇ ಹೋಗಿ. ಜನ ತುಂಬಿದ ಗುಡಿ ಹೇಗಿರುತ್ತದೆಂದು ಖಾಲಿ ಗುಡಿಯ ಫೋಟೊ ಹೇಳಲಾರದು.

7. ಅನುಮತಿ ಮೊದಲು. ಕೇಂದ್ರ ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಟ್ರೈಪಾಡ್ ಬಳಸಲು ಒಪ್ಪಿಗೆ ಬೇಕು. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳಲ್ಲಿ ವಾಣಿಜ್ಯ ಚಿತ್ರೀಕರಣಕ್ಕೆ ತೋಟಗಾರಿಕೆ ಇಲಾಖೆಯನ್ನು ಕೇಳಬೇಕು. ಗರ್ಭಗುಡಿಯತ್ತ ಕ್ಯಾಮೆರಾ ತಿರುಗಿಸಬೇಡಿ. ವಿಧಾನಸೌಧದ ಸುತ್ತ ಡ್ರೋನ್ ಹಾರಿಸುವ ಯೋಚನೆಯೇ ಬೇಡ.

8. ಹೆಸರಿಲ್ಲದ ಮನೆಗಳಿಗೂ ಸಮಯ ಕೊಡಿ. ವಿಧಾನಸೌಧ ನಾಳೆಯೂ ಇರುತ್ತದೆ. ಪ್ಲೇಗಿನ ವರ್ಷ 1898ರಲ್ಲಿ ರೂಪುಗೊಂಡ ಮಲ್ಲೇಶ್ವರ, ಬಸವನಗುಡಿಗಳಲ್ಲಿ ಕಿಟಕಿಯ ಮೇಲೆ ‘ಮಂಕಿ ಟಾಪ್’ ಎಂಬ ಚೂಪು ಮರದ ಮಾಡು ಇರುವ, ಜಗಲಿ, ಹೆಂಚಿನ ಮಾಡಿನ ಹಳೇ ಮನೆಗಳು ಅಲ್ಲೊಂದು ಇಲ್ಲೊಂದು ಉಳಿದಿವೆ. ಅವಕ್ಕೆ ಯಾವ ಇಲಾಖೆಯ ಫಲಕವೂ ಇಲ್ಲ. ಗೇಟಿನಾಚೆಯಿಂದ ಕದ್ದು ತೆಗೆಯಬೇಡಿ. “ಅಮ್ಮಾ, ಮನೆ ತುಂಬಾ ಚೆನ್ನಾಗಿದೆ, ಒಂದೆರಡು ಫೋಟೊ ತೆಗೀಲಾ?” ಅಂತ ಕೇಳಿ. ಒಳಗೆ ಕರೆದು ಕಟಾಂಜನ, ಕೆಂಪು ನೆಲ, ಹಿತ್ತಿಲ ಬಾವಿ ಎಲ್ಲವನ್ನೂ ತೋರಿಸುವವರಿದ್ದಾರೆ. ಮುಂಭಾಗ ಒಂದು, ಕಿಟಕಿ ಒಂದು, ಬಾಗಿಲ ಕೆತ್ತನೆ ಒಂದು, ಬೀದಿ ಸಮೇತ ಒಂದು ತೆಗೆದುಕೊಳ್ಳಿ. ತೆಗೆದದ್ದರಲ್ಲಿ ಒಂದನ್ನು ಪ್ರಿಂಟ್ ಹಾಕಿಸಿ ಅವರಿಗೇ ತಲುಪಿಸಿ.

9. ಹಳೇ ಚಿತ್ರ ಹುಡುಕಿ, ಹೊಸದಕ್ಕೆ ವಿವರ ಬರೆಯಿರಿ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯದ ಜೊತೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ ಬೆಂಗಳೂರು ಕೋಟೆಯನ್ನು ಬರೆದ. 1794ರಲ್ಲಿ ಅವನ ಮೈಸೂರು ಸೀಮೆಯ ಚಿತ್ರಗಳು ಪುಸ್ತಕವಾಗಿ ಬಂದವು. ಅಂಥದೊಂದು ಚಿತ್ರವನ್ನು ಮೊಬೈಲಿನಲ್ಲಿಟ್ಟುಕೊಂಡು ಅದೇ ಕೋನ ಹುಡುಕಿ ನಿಲ್ಲಿ. ಏನು ಉಳಿಯಿತು, ಏನು ಹೋಯಿತು ಎಂಬುದು ತಾನಾಗಿ ಕಾಣುತ್ತದೆ. ನಿಮ್ಮ ಫೋಟೊ ಮುಂದೆ ಯಾರಿಗೋ ಹೀಗೇ ಉಪಯೋಗಕ್ಕೆ ಬರಬೇಕಾದರೆ ಜಾಗ, ತಾರೀಖು, ನಿಂತ ದಿಕ್ಕು, ಇಷ್ಟನ್ನು ಅಂದೇ ಬರೆದಿಡಿ. ಎಡಿಟ್ ಮಾಡುವಾಗ ವೈರು, ಫಲಕಗಳನ್ನು ಅಳಿಸಿದರೆ ಮೂಲ ಫೈಲನ್ನು ಬೇರೆಯಾಗಿ ಕಾಪಾಡಿ. ಒಳ್ಳೆಯವನ್ನು ಆರಿಸಿ ಕನ್ನಡದ ವಿವರಣೆಯೊಂದಿಗೆ ವಿಕಿಮೀಡಿಯ ಕಾಮನ್ಸ್‌ಗೆ ಏರಿಸಿ. ಖಾಸಗಿ ಮನೆಗಳದ್ದಾದರೆ ಮನೆಯವರ ಒಪ್ಪಿಗೆ ಪಡೆದ ಮೇಲಷ್ಟೇ.