ದೊಡ್ಡ ಒಲೆಗೆ ಎಂತಹ ಚಿಮಣಿ?

ಆರು ಬರ್ನರುಗಳ ದೊಡ್ಡ ಗ್ಯಾಸ್ ಒಲೆಗೆ ಚಿಮಣಿಯನ್ನು ಕೊಳ್ಳಹೊರಟವರು ಮೊದಲು ವಿಚಾರಿಸುವುದು ಅದರ ಬೀಸಣಿಗೆಯ ಬಲವನ್ನು. ಆದರೆ ನಾವು ಮೊದಲು ನೋಡಬೇಕಾದುದು ಅದರ ಬಾಯಿಯ ಅಗಲವನ್ನು.

ಕಾದ ಗಾಳಿ ಹಗುರವಾಗಿ ಮೇಲೇರುವುದಷ್ಟೆ. ಏರುತ್ತ ಸುತ್ತಲಿನ ತಂಪುಗಾಳಿಯನ್ನೂ ಸೆಳೆದುಕೊಂಡು ಅದು ಹರಡಿಕೊಳ್ಳುತ್ತದೆ. ಆದುದರಿಂದ ಚಿಮಣಿಯು ಒಲೆಯ ಎರಡು ಪಕ್ಕಗಳಲ್ಲಿಯೂ ಸುಮಾರು 3 ಅಂಗುಲ ಚಾಚಿಕೊಂಡಿರುವುದು ಲೇಸು. ಅಂಚಿನಿಂದ ತಪ್ಪಿಸಿಕೊಂಡ ಹೊಗೆಯನ್ನು ಬೀಸಣಿಗೆ ಮರಳಿ ಸೆಳೆಯಲಾರದು. ಹೀರುವ ಬಲ ದೂರ ಹೋದಂತೆ ಬಹುಬೇಗ ಕುಗ್ಗುತ್ತದೆ. ಊದಿ ದೀಪವನ್ನು ಮೊಳ ದೂರದಿಂದ ಆರಿಸಬಹುದು. ಉಸಿರನ್ನು ಒಳಕ್ಕೆಳೆದು ಆರಿಸಲು ಯತ್ನಿಸಿದರೆ ಈ ಮಾತು ತಿಳಿಯುತ್ತದೆ.

ಇನ್ನು ಬೀಸಣಿಗೆ. 10,000 ಬಿ.ಟಿ.ಯು. ಶಾಖಕ್ಕೆ ನಿಮಿಷಕ್ಕೆ 100 ಘನ ಅಡಿ ಗಾಳಿ ಎಂಬುದು ರೂಢಿಯ ಲೆಕ್ಕ. ಗಂಟೆಗೆ 90,000 ಬಿ.ಟಿ.ಯು. ಕೊಡುವ ಒಲೆಗೆ 900 ಘನ ಅಡಿ, ಎಂದರೆ 10 ಅಡಿ ಉದ್ದ, 10 ಅಡಿ ಅಗಲ, 9 ಅಡಿ ಎತ್ತರದ ಕೋಣೆಯ ಗಾಳಿಯೆಲ್ಲ ಒಂದೇ ನಿಮಿಷದಲ್ಲಿ! ಅಷ್ಟೇ ಗಾಳಿ ಒಳಬರುವುದೆಲ್ಲಿಂದ? ಕಿಟಕಿ ಬಾಗಿಲುಗಳು ಬಿಗಿಯಾಗಿ ಮುಚ್ಚಿದ್ದರೆ ಮನೆಯೊಳಗಿನ ಒತ್ತಡ ಇಳಿಯುತ್ತದೆ. ಆಗ ನೀರು ಕಾಯಿಸುವ ಗ್ಯಾಸ್ ಗೀಸರಿನ ಹೊಗೆಕೊಳವೆಯಲ್ಲಿ ಹರಿವು ಹಿಮ್ಮುಖವಾಗಿ, ವಾಸನೆಯೇ ಇಲ್ಲದ ಮಾರಕ ಕಾರ್ಬನ್ ಮಾನಾಕ್ಸೈಡ್ ಒಳಕ್ಕೆ ನುಗ್ಗಬಹುದು. ಇಂತಹ ಉಪಕರಣಗಳಿರುವ ಮನೆಯಲ್ಲಿ ಚಿಮಣಿ 400 ಘನ ಅಡಿಯನ್ನು ಮೀರಿದರೆ ಗಾಳಿ ಒಳಬರಲು ಬೇರೆ ದಾರಿ ಇರಬೇಕೆಂದು ಅಮೆರಿಕದ ಮಾದರಿ ಗೃಹನಿರ್ಮಾಣ ಸಂಹಿತೆ ವಿಧಿಸುವುದು ಇದಕ್ಕಾಗಿಯೇ.

ಗಾಳಿಯನ್ನು ಇದ್ದಿಲಿನಲ್ಲಿ ಸೋಸಿ ಕೋಣೆಗೇ ಮರಳಿ ಬಿಡುವ ಚಿಮಣಿಗಳೂ ಉಂಟು. ದೊಡ್ಡ ಒಲೆಗೆ ಅವು ಸಲ್ಲವು. ಇದ್ದಿಲು ವಾಸನೆಯನ್ನು ಹಿಡಿದೀತು, ಕಾರ್ಬನ್ ಮಾನಾಕ್ಸೈಡನ್ನು ಹಿಡಿಯದು.